ಕುಸಿದ ಡಿಸ್ಕ್‌ಸಮೂಹದಿಂದ ದತ್ತಾಂಶ ಮರುಪಡೆಯುವ ವಿದ್ಯೆ: ಒಂದು ಸಮೀಕ್ಷೆ

ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯಗಳ ಸರ್ವರ್‌ಗಳಲ್ಲಿ ದತ್ತಾಂಶವು ಸಾಮಾನ್ಯವಾಗಿ ಒಂದೇ ಡಿಸ್ಕಿನಲ್ಲಿ ಇರುವುದಿಲ್ಲ. ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸಿ, ಕಂಪ್ಯೂಟರಿಗೆ ಅವೆಲ್ಲ ಸೇರಿ ಒಂದೇ ದೊಡ್ಡ ಡಿಸ್ಕಿನಂತೆ ಕಾಣುವ ಹಾಗೆ ಏರ್ಪಡಿಸಿದ ಸಮೂಹವೊಂದರಲ್ಲಿ ಅದು ಹರಡಿಕೊಂಡಿರುತ್ತದೆ. ರೇಡ್ ಎಂದು ಕರೆಯುವ ಈ ಏರ್ಪಾಡು ಒಂದು ಡಿಸ್ಕು ಕೆಟ್ಟರೂ ಕೆಲಸ ನಿಲ್ಲಬಾರದೆಂಬ ಉದ್ದೇಶದಿಂದ ಹುಟ್ಟಿದ್ದು. ಆದರೂ ಇಡೀ ಸಮೂಹವೇ ಒಮ್ಮೆಗೆ ಕುಸಿಯುವುದುಂಟು. ಹಾಗೆ ಕುಸಿದ ಸಮೂಹದಿಂದ ದತ್ತಾಂಶವನ್ನು ಮರಳಿ ಪಡೆಯುವ ವಿದ್ಯೆ ಎರಡು ದಾರಿಗಳಲ್ಲಿ ಬೆಳೆದಿದೆ. ಕೇಡು ಬರುವ ಮೊದಲೇ ಮರುರಚನೆಗೆ ಬೇಕಾದ ಮಾಹಿತಿಯನ್ನು ಸಮೂಹದೊಳಗೆ ಸೇರಿಸಿಡುವ ಗಣಿತ ಒಂದು. ಕೇಡು ಬಂದ ಮೇಲೆ ಉಳಿದ ಕುರುಹುಗಳನ್ನು ಓದಿ ಸಮೂಹವನ್ನು ಮತ್ತೆ ಜೋಡಿಸುವ ಕುಶಲಕರ್ಮ ಇನ್ನೊಂದು. ಮೊದಲನೆಯದರ ಬಗ್ಗೆ ವಿದ್ವತ್ ಬರವಣಿಗೆ ಹೇರಳವಾಗಿದೆ, ಎರಡನೆಯದು ಹೆಚ್ಚಾಗಿ ಕೆಲಸಗಾರರ ಕೈಯಲ್ಲೇ ಉಳಿದಿದೆ. ಸಮೂಹ ಕುಸಿದ ದಿನ ಮಾತ್ರ ದತ್ತಾಂಶದ ಅಳಿವು ಉಳಿವು ಈ ಎರಡನೆಯದನ್ನೇ ನೆಚ್ಚಿಕೊಂಡಿರುತ್ತದೆ.

ಗಣಿತದ ದಾರಿ ಡಿಸ್ಕ್‌ಸಮೂಹಗಳಿಗಿಂತ ಹಳೆಯದು. ತಪ್ಪನ್ನು ಗುರುತಿಸಿ ತಿದ್ದಬಲ್ಲ ಸಂಕೇತಗಳನ್ನು ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದರು. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ರೂಪಿಸಿದ ಬಹುಪದ ಸಂಕೇತಗಳು ಮುಂದೆ ಸಿಡಿಯಲ್ಲೂ ಬಾಹ್ಯಾಕಾಶ ನೌಕೆಗಳ ಸಂವಹನದಲ್ಲೂ ಬಳಕೆಗೆ ಬಂದವು. ಕೆಟ್ಟ ಸಂಗ್ರಹ ಘಟಕದ ದತ್ತಾಂಶವನ್ನು ಉಳಿದ ಘಟಕಗಳಿಂದ ಮರಳಿ ಪಡೆಯುವ ವಿಧಾನಕ್ಕೆ ಐಬಿಎಂನ ನಾರ್ಮನ್ ಕೆನ್ ಓಚಿ 1978ರಲ್ಲಿ ಪೇಟೆಂಟ್ ಪಡೆದರು. ಆದರೆ ಈ ಚದುರಿದ ವಿಚಾರಗಳಿಗೆ ಒಂದು ಹೆಸರನ್ನೂ ವರ್ಗೀಕರಣವನ್ನೂ ಕೊಟ್ಟದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಸ್ 1988ರಲ್ಲಿ ಮಂಡಿಸಿದ ಪ್ರಬಂಧ. ದೊಡ್ಡ ಕಂಪ್ಯೂಟರಿನ ದುಬಾರಿ ಡಿಸ್ಕಿನ ಬದಲು ಪಿಸಿಗಳ ಅಗ್ಗದ ಡಿಸ್ಕ್‌ಗಳನ್ನು ಸಾಲಾಗಿ ಬಳಸಬಹುದೆಂದು ವಾದಿಸಿದ ಅವರೇ ಅದರ ಅಪಾಯವನ್ನೂ ಲೆಕ್ಕಹಾಕಿ ತೋರಿಸಿದರು: ಒಂದು ಡಿಸ್ಕಿನ ಸರಾಸರಿ ಆಯುಸ್ಸು 30,000 ಗಂಟೆಯಾದರೆ, 100 ಡಿಸ್ಕ್‌ಗಳ ಸಮೂಹದಲ್ಲಿ ಯಾವುದಾದರೊಂದು ಕೆಡಲು ಸರಾಸರಿ 300 ಗಂಟೆ, ಅಂದರೆ ಎರಡು ವಾರಕ್ಕೂ ಕಡಿಮೆ ಸಮಯ ಸಾಕು.

ಇದಕ್ಕೆ ಪರಿಹಾರವಾಗಿ ಬಂದದ್ದು ಪ್ಯಾರಿಟಿ, ಅಂದರೆ ಉಳಿದೆಲ್ಲ ಡಿಸ್ಕ್‌ಗಳ ಬಿಟ್‌ಗಳಿಂದ ಲೆಕ್ಕಹಾಕಿ ಬರೆದಿಡುವ ಪೂರಕ ಮಾಹಿತಿ. ಒಂದು ಡಿಸ್ಕಿನಲ್ಲಿ 10110010 ಎಂದೂ ಇನ್ನೊಂದರಲ್ಲಿ 01101100 ಎಂದೂ ಇದ್ದರೆ, ಎರಡೂ ಕಡೆ ಬಿಟ್ ಒಂದೇ ಇದ್ದಲ್ಲಿ 0, ಬೇರೆ ಇದ್ದಲ್ಲಿ 1 ಬರೆಯುವ ನಿಯಮದಂತೆ ಮೂರನೆಯ ಡಿಸ್ಕಿಗೆ 11011110 ಎಂಬ ಪ್ಯಾರಿಟಿ ಸೇರುತ್ತದೆ. ಎರಡನೆಯ ಡಿಸ್ಕು ಕೆಟ್ಟಿತೆನ್ನೋಣ; ಮೊದಲನೆಯದಕ್ಕೂ ಮೂರನೆಯದಕ್ಕೂ ಅದೇ ನಿಯಮವನ್ನು ಅನ್ವಯಿಸಿದರೆ ಕಳೆದುಹೋದ 01101100 ಒಂದು ಬಿಟ್ಟೂ ತಪ್ಪದೆ ಮರಳಿ ಬರುತ್ತದೆ. ರೇಡ್ 5 ಎಂಬ ಹಂತದಲ್ಲಿ ದತ್ತಾಂಶವನ್ನು ಸಮಾನ ಗಾತ್ರದ ತುಂಡುಗಳಾಗಿ ಕತ್ತರಿಸಿ ಡಿಸ್ಕ್‌ಗಳ ಮೇಲೆ ಸಾಲುಸಾಲಾಗಿ ಹಂಚಲಾಗುತ್ತದೆ, ಪ್ರತಿ ಸಾಲಿನ ಪ್ಯಾರಿಟಿಯೂ ಸರದಿಯಂತೆ ಬೇರೆ ಬೇರೆ ಡಿಸ್ಕಿಗೆ ಹೋಗುತ್ತದೆ.

ಇಷ್ಟು ಸರಳವೂ ನಿಖರವೂ ಆದ ಗಣಿತವಿದ್ದೂ ಸಮೂಹಗಳು ಕುಸಿಯಲು ಕಾರಣ, ಡಿಸ್ಕ್‌ಗಳು ಒಂದರ ಸಂಬಂಧವಿಲ್ಲದೆ ಇನ್ನೊಂದು ಕೆಡುತ್ತವೆ ಎಂಬ ನಂಬಿಕೆ ವಾಸ್ತವದಲ್ಲಿ ನಿಲ್ಲದಿರುವುದು. ಒಂದೇ ಕಾರ್ಖಾನೆಯಿಂದ ಒಂದೇ ಕಂತಿನಲ್ಲಿ ಬಂದು, ಒಂದೇ ಪೆಟ್ಟಿಗೆಯಲ್ಲಿ ಅದೇ ಬಿಸಿ ಮತ್ತು ಅದೇ ಕಂಪನಕ್ಕೆ ಒಡ್ಡಿಕೊಂಡು, ಒಂದೇ ವಿದ್ಯುತ್ ಘಟಕದಿಂದ ನಡೆಯುವ ಡಿಸ್ಕ್‌ಗಳು ಹೆಚ್ಚುಕಡಿಮೆ ಒಟ್ಟಿಗೇ ಸವೆಯುತ್ತವೆ. ಇದಕ್ಕಿಂತ ಗೂಢವಾದ ತೊಂದರೆ ಸುಪ್ತ ದೋಷದ್ದು: ತಿಂಗಳುಗಟ್ಟಲೆ ಯಾರೂ ಓದದ ಸೆಕ್ಟರ್ ಒಂದು, ಅಂದರೆ ಡಿಸ್ಕಿನ ಚಿಕ್ಕ ಭಾಗವೊಂದು, ಸದ್ದಿಲ್ಲದೆ ಹಾಳಾಗಿರುತ್ತದೆ, ಮತ್ತು ಬೇರೊಂದು ಡಿಸ್ಕು ಕೆಟ್ಟು ಉಳಿದವನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಬೇಕಾಗಿ ಬಂದ ಗಳಿಗೆಯಲ್ಲಿಯೇ ಅದು ಬೆಳಕಿಗೆ ಬರುತ್ತದೆ. ಸಾಮಾನ್ಯ ಡಿಸ್ಕ್‌ಗಳಿಗೆ ತಯಾರಕರು ನಮೂದಿಸುವ ಮಿತಿ 10ರ 14ನೇ ಘಾತದಷ್ಟು ಬಿಟ್‌ಗಳಿಗೆ, ಎಂದರೆ ಸುಮಾರು 12.5 ಟೆರಾಬೈಟ್ ಓದಿಗೆ ಹೆಚ್ಚೆಂದರೆ ಒಂದು ದೋಷ. ತಲಾ 4 ಟೆರಾಬೈಟಿನ ಐದು ಡಿಸ್ಕ್‌ಗಳ ರೇಡ್ 5 ಸಮೂಹದಲ್ಲಿ ಒಂದು ಹೋದರೆ ಮರುರಚನೆಗೆ 16 ಟೆರಾಬೈಟ್ ಓದಬೇಕು. ಡಿಸ್ಕ್‌ಗಳು ಬಹುಪಾಲು ಈ ಮಿತಿಗಿಂತ ಚೆನ್ನಾಗಿಯೇ ನಡೆಯುತ್ತವೆಯಾದರೂ, ಒಂದೇ ಪ್ಯಾರಿಟಿಯನ್ನು ನೆಚ್ಚಿದ ದೊಡ್ಡ ಸಮೂಹದಲ್ಲಿ ಸುರಕ್ಷತೆಯ ಅಂತರ ಎಷ್ಟು ಕಿರಿದೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಈ ಅನುಮಾನಗಳಿಗೆ ಅಳತೆಯ ಆಧಾರ ದೊರೆತದ್ದು 2007ರಲ್ಲಿ. ಬಿಯಾಂಕಾ ಶ್ರೋಡರ್ ಅವರೊಂದಿಗೆ ಗಾರ್ತ್ ಗಿಬ್ಸನ್ ಅವರೇ ಸುಮಾರು ಒಂದು ಲಕ್ಷ ಡಿಸ್ಕ್‌ಗಳ ದಾಖಲೆಗಳನ್ನು ಪರಿಶೀಲಿಸಿ, ತಯಾರಕರ ಅಂಕಿಗಳ ಪ್ರಕಾರ ವರ್ಷಕ್ಕೆ ಶೇ. 0.88 ಮೀರಬಾರದಿದ್ದ, ಕೆಟ್ಟ ಡಿಸ್ಕ್ ಬದಲಾಯಿಸಬೇಕಾಗಿ ಬರುವ ಪ್ರಮಾಣ ವಾಸ್ತವದಲ್ಲಿ ಸಾಮಾನ್ಯವಾಗಿ ಶೇ. 2ರಿಂದ 4, ಕೆಲವೆಡೆ ಶೇ. 13ರವರೆಗೂ ಇದ್ದುದನ್ನು ತೋರಿಸಿದರು. ಅದೇ ವರ್ಷ ಲಕ್ಷ್ಮಿ ಬೈರವಸುಂದರಂ ಮತ್ತು ಸಂಗಡಿಗರು 15.3 ಲಕ್ಷ ಡಿಸ್ಕ್‌ಗಳನ್ನು 32 ತಿಂಗಳ ಅವಧಿಯಲ್ಲಿ ಅಭ್ಯಸಿಸಿ, ಅವುಗಳಲ್ಲಿ ಶೇ. 3.45ರಷ್ಟರಲ್ಲಿ ಸುಪ್ತ ದೋಷಗಳು ಕಾಣಿಸಿಕೊಂಡವೆಂದು ವರದಿ ಮಾಡಿದರು. ಎರಡು ಡಿಸ್ಕ್ ಕೆಟ್ಟರೂ ತಾಳುವ ರೇಡ್ 6ರ ಕಡೆಗೆ ಉದ್ಯಮ ವಾಲಿದ್ದಕ್ಕೆ ಇಂಥ ಭಯಗಳೇ ಕಾರಣ. ಅದಕ್ಕೆ ಬೇಕಾದ ಎರಡನೆಯ ಪೂರಕ ಮಾಹಿತಿಯನ್ನು ರೀಡ್-ಸಾಲೊಮನ್ ಸಂಕೇತದಿಂದಲೋ, 1995ರ ಈವನ್‌ಆಡ್, 2004ರ ಕರ್ಣ ಪ್ಯಾರಿಟಿಯಂಥ ಹಗುರ ವಿಧಾನಗಳಿಂದಲೋ ಪಡೆಯಲಾಯಿತು.

ಕುಶಲಕರ್ಮದ ದಾರಿಯ ಇತಿಹಾಸವನ್ನು ಪ್ರಬಂಧಗಳಿಗಿಂತ ಉಪಕರಣಗಳ ಮೂಲಕ ಗುರುತಿಸುವುದು ಸುಲಭ. ದತ್ತಾಂಶ ಮರುಪಡೆಯುವುದನ್ನೇ ವ್ಯಾಪಾರವಾಗಿಸಿಕೊಂಡ ಕಂಪನಿಗಳು ಅಮೆರಿಕದಲ್ಲಿ 1980ರ ದಶಕದ ನಡುವೆ ತಲೆಯೆತ್ತಿದವು. ಧೂಳಿಲ್ಲದ ಕೋಣೆಯಲ್ಲಿ ಡಿಸ್ಕು ಬಿಚ್ಚಿ, ಕೆಟ್ಟ ಓದುತಲೆಯ ಜಾಗಕ್ಕೆ ಅದೇ ಮಾದರಿಯ ಇನ್ನೊಂದು ಡಿಸ್ಕಿನ ಓದುತಲೆ ಕೂರಿಸುವುದು, ಡಿಸ್ಕಿನೊಳಗಿನ ಫರ್ಮ್‌ವೇರ್ ದುರಸ್ತಿ ಮಾಡುವುದು ಅವರ ಕಸುಬು. ಆದರೆ ಈ ವಿದ್ಯೆಯ ನಿಜವಾದ ಪ್ರೌಢಿಮೆಯನ್ನು ಗುರುತಿಸಬೇಕಾದದ್ದು ಒಂದು ನಿಯಮದಲ್ಲಿ: ಮೂಲ ಡಿಸ್ಕಿನ ಮೇಲೆ ಏನನ್ನೂ ಬರೆಯಕೂಡದು, ಮೊದಲು ಪ್ರತಿಯೊಂದರ ಪೂರ್ಣ ನಕಲು ತೆಗೆದು ಮುಂದಿನ ಕೆಲಸವನ್ನೆಲ್ಲ ನಕಲಿನ ಮೇಲೆ ಮಾಡಬೇಕು. ಅಂಟೋನಿಯೊ ಡಿಯಾಸ್ 2004ರಿಂದ ಬೆಳೆಸುತ್ತ ಬಂದಿರುವ ಗ್ನೂ ಡಿಡಿರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶ ಈ ನಿಯಮವನ್ನು ಎಲ್ಲರ ಕೈಗೆಟುಕಿಸಿತು. ಸುಲಭವಾಗಿ ಓದಬರುವ ಭಾಗಗಳನ್ನು ಅದು ಮೊದಲು ನಕಲಿಸಿಕೊಂಡು, ತೊಡಕಿನ ಭಾಗಗಳನ್ನು ಹಾರಿ ಮುಂದೆ ಹೋಗಿ, ಕೊನೆಯಲ್ಲಿ ಹಿಂತಿರುಗಿ ಅವನ್ನು ಅಂಚಿನಿಂದ ಸ್ವಲ್ಪಸ್ವಲ್ಪವಾಗಿ ಓದುತ್ತದೆ, ಮತ್ತು ಯಾವ ಸೆಕ್ಟರ್ ಬಂತು, ಯಾವುದು ಬರಲಿಲ್ಲವೆಂಬುದನ್ನು ನಕ್ಷೆಯ ಕಡತದಲ್ಲಿ ಬರೆದಿಡುತ್ತದೆ. ಸಾಯುತ್ತಿರುವ ಡಿಸ್ಕಿನ ಉಳಿದ ಆಯುಸ್ಸನ್ನು ಕೆಟ್ಟ ಜಾಗದೊಂದಿಗೆ ಗುದ್ದಾಡುವುದರಲ್ಲಿ ಕಳೆಯದಿರುವುದೇ ಇದರ ವಿವೇಕ.

ನಕಲುಗಳು ಕೈಗೆ ಬಂದ ಮೇಲೆ ಎದುರಾಗುವ ಸಮಸ್ಯೆ ಬಿಟ್‌ಗಳದ್ದಲ್ಲ, ಕ್ರಮದ್ದು. ಯಾವ ಡಿಸ್ಕು ಮೊದಲನೆಯದು, ತುಂಡಿನ ಗಾತ್ರ 64 ಕಿಲೊಬೈಟೋ 512ಓ, ಪ್ಯಾರಿಟಿ ಎಡಕ್ಕೆ ಸರಿಯುತ್ತಿತ್ತೋ ಬಲಕ್ಕೋ, ದತ್ತಾಂಶ ಡಿಸ್ಕಿನ ಯಾವ ಸ್ಥಾನದಿಂದ ಆರಂಭವಾಗುತ್ತಿತ್ತು ಎಂಬ ತಿಳಿವಳಿಕೆ ಸಮೂಹವನ್ನು ನಡೆಸುವ ಕಂಟ್ರೋಲರಿನ ಜೊತೆ ಹೋಗಿಬಿಟ್ಟಿದ್ದರೆ, ಎಲ್ಲ ಬಿಟ್‌ಗಳೂ ಕ್ಷೇಮವಾಗಿದ್ದರೂ ಒಂದು ಕಡತವೂ ತೆರೆಯುವುದಿಲ್ಲ. ಎಂಟು ಡಿಸ್ಕ್‌ಗಳನ್ನು ಜೋಡಿಸುವ ಕ್ರಮಗಳೇ 40,320. ಎಲ್ಲವನ್ನೂ ಕುರುಡಾಗಿ ಪ್ರಯತ್ನಿಸುವ ಬದಲು ಪರಿಣತರು ದತ್ತಾಂಶದಲ್ಲೇ ಸಾಕ್ಷ್ಯ ಹುಡುಕುತ್ತಾರೆ: ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆಯ ದಾಖಲೆಗಳು ಕ್ರಮಸಂಖ್ಯೆ ಹೊತ್ತಿರುವುದರಿಂದ ಆ ಸಂಖ್ಯೆಗಳು ಒಂದು ಡಿಸ್ಕಿನಲ್ಲಿ ನಿಂತು ಇನ್ನೊಂದರಲ್ಲಿ ಮುಂದುವರಿಯುವ ಜಾಗ ತುಂಡಿನ ಗಾತ್ರವನ್ನೂ ಡಿಸ್ಕಿನ ಸರದಿಯನ್ನೂ ಒಟ್ಟಿಗೇ ಹೇಳುತ್ತದೆ; ಸುತ್ತಲೂ ಓದಬರುವ ಪಠ್ಯವಿದ್ದು ನಡುವೆ ಅರ್ಥವಿಲ್ಲದ ಅಕ್ಷರಗಳು ಬಂದರೆ ಅಲ್ಲಿ ಪ್ಯಾರಿಟಿ ಇದೆಯೆಂದು ಊಹಿಸಬಹುದು. ಕೊನೆಯ ಪರೀಕ್ಷೆ ಒಂದು ದೊಡ್ಡ ಕಡತದ್ದು, ಏಕೆಂದರೆ ತುಂಡಿಗಿಂತ ಚಿಕ್ಕ ಕಡತ ತಪ್ಪು ಕ್ರಮದಲ್ಲೂ ತೆರೆಯಬಹುದು, ಹಲವು ಸಾಲುಗಳನ್ನು ದಾಟುವ ಛಾಯಾಚಿತ್ರ ಮಾತ್ರ ಕ್ರಮ ಸರಿಯಿದ್ದರಷ್ಟೇ ಪೂರ್ತಿ ಮೂಡುತ್ತದೆ.

ಕ್ರಮಕ್ಕಿಂತ ಕಠಿಣವಾದದ್ದು ಕಾಲದ ಪ್ರಶ್ನೆ. ರೇಡ್ 5ರಲ್ಲಿ ಒಂದು ಡಿಸ್ಕು ತಿಂಗಳುಗಳ ಹಿಂದೆಯೇ ಸಮೂಹದಿಂದ ಹೊರಬಿದ್ದು, ಯಾರೂ ಗಮನಿಸದೆ, ಎರಡನೆಯದು ಹೋದಾಗ ಕೆಲಸ ನಿಲ್ಲುವುದು ಈ ಕಸುಬಿನವರಿಗೆ ತೀರ ಪರಿಚಿತ ಸನ್ನಿವೇಶ. ಮೊದಲು ಹೊರಬಿದ್ದ ಡಿಸ್ಕು ಈಗಲೂ ಚೆನ್ನಾಗಿ ಓದಬರುತ್ತದೆ, ಆದರೆ ಅದರಲ್ಲಿರುವುದು ಹಳೆಯ ಕಾಲದ ಚಿತ್ರ; ಅದನ್ನು ಸೇರಿಸಿ ಮರುರಚನೆ ಮಾಡಿದರೆ ಹೊಸ ಕಡತಗಳೊಳಗೆ ಹಳೆಯ ತುಂಡುಗಳು ಬೆರೆತು, ಇದ್ದದ್ದೂ ಕೆಡುತ್ತದೆ. ಲಿನಕ್ಸಿನ ರೇಡ್ ವ್ಯವಸ್ಥೆ ಪ್ರತಿ ಡಿಸ್ಕಿನಲ್ಲೂ ಬರೆದಿಡುವ ಘಟನಾ ಎಣಿಕೆ ಇಲ್ಲಿ ನೆರವಿಗೆ ಬರುತ್ತದೆ: ಎಣಿಕೆ ಬಹಳ ಹಿಂದುಳಿದ ಡಿಸ್ಕೇ ಮೊದಲು ಹೊರಬಿದ್ದದ್ದು, ಅದನ್ನು ಬಿಟ್ಟು ಕೊನೆಗೆ ಕೆಟ್ಟದ್ದರ ನಕಲನ್ನೇ ಬಳಸಬೇಕು. ಅದೇ ಲಿನಕ್ಸಿನಲ್ಲಿ ಸಮೂಹವನ್ನು ಹೊಸದಾಗಿ ಸೃಷ್ಟಿಸುವ ಆಜ್ಞೆಯನ್ನು ದುರಸ್ತಿಯ ಆಜ್ಞೆಯೆಂದು ತಿಳಿದು ಕೊಟ್ಟವರು ಈ ಎಣಿಕೆಯನ್ನೇ ಅಳಿಸಿಕೊಂಡಿದ್ದಾರೆ. ಮೂಲದ ಮೇಲಿನ ಬರಹವನ್ನೆಲ್ಲ ಪಕ್ಕದ ತಾತ್ಕಾಲಿಕ ಕಡತಕ್ಕೆ ತಿರುಗಿಸುವ ಹೊದಿಕೆಯ ತಂತ್ರ ಬಳಕೆಗೆ ಬಂದದ್ದು ಇಂಥ ಪ್ರಮಾದಗಳಿಂದ ಕಲಿತ ಮೇಲೆ. ಇದರಿಂದ ತಪ್ಪು ಊಹೆಯನ್ನು ಎಷ್ಟು ಸಲ ಬೇಕಾದರೂ ಪರೀಕ್ಷಿಸಿ ಕೈಬಿಡಬಹುದು.

ಸನ್ ಕಂಪನಿ 2005ರಲ್ಲಿ ಹೊರತಂದ ಝಡ್‌ಎಫ್‌ಎಸ್ ಕಡತ ವ್ಯವಸ್ಥೆ ಎರಡು ದಾರಿಗಳನ್ನೂ ಹತ್ತಿರ ತಂದಿತು. ದತ್ತಾಂಶ ಬರೆದು ಪ್ಯಾರಿಟಿ ಬರೆಯುವ ಮೊದಲೇ ವಿದ್ಯುತ್ ಹೋದರೆ ಎರಡೂ ಹೊಂದದೆ ಉಳಿಯುವ ಹಳೆಯ ರೇಡ್‌ನ ಕೊರತೆಯನ್ನು, ಇದ್ದ ಜಾಗದಲ್ಲಿ ತಿದ್ದದೆ ಹೊಸ ಜಾಗದಲ್ಲಿ ಬರೆಯುವ ಮೂಲಕ ಅದು ನೀಗಿತು. ಪ್ರತಿ ತುಂಡಿಗೂ ಪರಿಶೀಲನಾ ಮೊತ್ತ ಇಟ್ಟುದರಿಂದ ಯಾವ ಡಿಸ್ಕು ತಪ್ಪು ಹೇಳುತ್ತಿದೆಯೆಂದು ತಿಳಿಯುವಂತಾಯಿತು. ಆದರೆ ಅದರ ಸಂಕೀರ್ಣ ರಚನೆ ಒಮ್ಮೆ ಹರಿದರೆ ಹಳೆಯ ಮರುಜೋಡಣೆಯ ಉಪಾಯಗಳು ಅಲ್ಲಿ ಸಾಲುವುದಿಲ್ಲ. ಎಸ್‌ಎಸ್‌ಡಿಗಳೂ ಗೂಢಲಿಪೀಕರಣವೂ ಕೆಲಸವನ್ನು ಇನ್ನಷ್ಟು ಕಠಿಣಗೊಳಿಸಿವೆ: ಅಳಿಸಿದ ಜಾಗವನ್ನು ಎಸ್‌ಎಸ್‌ಡಿ ತಾನಾಗಿಯೇ ಬರಿದು ಮಾಡುತ್ತದೆ, ಕೀಲಿ ಕಳೆದರೆ ಬಿಟ್‌ಗಳೆಲ್ಲ ಉಳಿದರೂ ಪ್ರಯೋಜನವಿಲ್ಲ.

ಸಾವಿರಾರು ಯಂತ್ರಗಳಿಗೆ ಹರಡಿದ ಇಂದಿನ ಸಂಗ್ರಹಗಳಲ್ಲಿ ಪ್ರಶ್ನೆ ಮತ್ತೆ ಗಣಿತಕ್ಕೆ ಮರಳಿದೆ. ರೀಡ್-ಸಾಲೊಮನ್ ಸಂಕೇತದಲ್ಲಿ ಒಂದು ತುಂಡು ಮರಳಿ ಪಡೆಯಲು ಹಲವು ಪಟ್ಟು ದತ್ತಾಂಶವನ್ನು ಜಾಲದ ಮೂಲಕ ತರಿಸಬೇಕಾಗುತ್ತದೆ. ಈ ಹೊರೆ ತಗ್ಗಿಸುವ ಸಂಶೋಧನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲು ದೊಡ್ಡದು. ಅಲ್ಲಿನ ಕೆ. ವಿ. ರಶ್ಮಿ, ನಿಹಾರ್ ಶಾ ಮತ್ತು ಪಿ. ವಿಜಯ್ ಕುಮಾರ್ 2011ರಲ್ಲಿ ಪ್ರಕಟಿಸಿದ ಸಂಕೇತರಚನೆ ಈ ಕ್ಷೇತ್ರದ ಮುಖ್ಯ ಮೈಲಿಗಲ್ಲುಗಳಲ್ಲಿ ಒಂದು. ವಿಜಯ್ ಕುಮಾರ್ ಅವರ ತಂಡ ಇತರ ಸಂಸ್ಥೆಗಳೊಡನೆ 2018ರಲ್ಲಿ ಮಂಡಿಸಿದ ಕ್ಲೇ ಸಂಕೇತ, ಮೂಲ ದತ್ತಾಂಶದ 1.25 ಪಟ್ಟು ಜಾಗ ಬಳಸಿಯೂ ದುರಸ್ತಿಯ ಜಾಲಸಂಚಾರವನ್ನು 2.9 ಪಟ್ಟು ತಗ್ಗಿಸಿ ತೋರಿಸಿತು, ಮತ್ತು ಸೆಫ್ ಎಂಬ ಮುಕ್ತ ಸಂಗ್ರಹ ತಂತ್ರಾಂಶದೊಳಗೆ ಸೇರಿತು.

ಇವ್ಯಾವುವೂ ಬೇರೆಡೆ ಇಟ್ಟ ಬ್ಯಾಕಪ್ಪಿಗೆ ಬದಲಿಯಲ್ಲ. ತಪ್ಪಾಗಿ ಅಳಿಸಿದ ಕಡತವನ್ನು ರೇಡ್ ಎಲ್ಲ ಡಿಸ್ಕ್‌ಗಳಿಂದಲೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಸರ್ವರ್ ನೋಡಿಕೊಳ್ಳುವವರು ಸಮೂಹ ಕುಸಿದಾಗ ಮಾಡಬೇಕಾದದ್ದು ಕಡಿಮೆ, ಆದರೆ ಅದನ್ನು ಅದೇ ಗಳಿಗೆಯಲ್ಲಿ ಮಾಡಬೇಕು: ಮರುರಚನೆಯ ಗುಂಡಿ ಒತ್ತದೆ ಯಂತ್ರ ಆರಿಸಿ, ಪ್ರತಿ ಡಿಸ್ಕಿನ ಮೇಲೂ ಅದು ಕೂತಿದ್ದ ಸ್ಥಾನದ ಸಂಖ್ಯೆ ಬರೆದು, ನಕಲು ತೆಗೆಯುವವರೆಗೆ ಒಂದನ್ನೂ ಮತ್ತೆ ಸಮೂಹಕ್ಕೆ ಸೇರಿಸದಿರಬೇಕು.