ಬೀಜ ಮುಂದೆ, ಪರೀಕ್ಷೆ ಹಿಂದೆ

1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆಗೆ ಬೆಂಕಿ ಇಟ್ಟಿತು. ಮರುಬಿತ್ತನೆಗೆ ಮೊಳೆಯದ ‘ಟರ್ಮಿನೇಟರ್’ ಬೀಜ ಬಂದಿದೆ ಎಂಬ ಗುಲ್ಲು ಆಗ ಹಬ್ಬಿತ್ತು. ಗಿಡದೊಳಗೆ ಇದ್ದದ್ದು ಕಾಯಿಕೊರಕವನ್ನು ಕೊಲ್ಲುವ ಕ್ರೈ1ಎಸಿ ಜೀನು. ಅದೇ ಬೇರೆ, ಇದೇ ಬೇರೆ. ಆದರೆ ಬೀಜ ಅಂಗೈಯಲ್ಲಿ ಹಿಡಿದವರಿಗೆ ಅದು ತಿಳಿಯುವುದಾದರೂ ಹೇಗೆ?

2001ರಲ್ಲಿ ಗುಜರಾತಿನಲ್ಲಿ ಕಾಯಿಕೊರಕ ಹೊಲಗಳನ್ನು ನುಂಗಿದಾಗ ‘ನವಭಾರತ್ 151’ ಎಂಬ ತಳಿ ಮಾತ್ರ ಉಳಿದು ನಿಂತಿತು. ಅನುಮಾನ ಬಂದು ಪರೀಕ್ಷಿಸಿದರೆ ಅದರಲ್ಲೂ ಅದೇ ಜೀನು. ಸರ್ಕಾರ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟದ್ದು 2002ರ ಮಾರ್ಚಿನಲ್ಲಿ. ಅಷ್ಟರೊಳಗೆ ರೈತರು ಅದನ್ನು ಬೆಳೆದು ಬಿಡಿಸಿಯೂ ಆಗಿತ್ತು.

ನಾನು ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ದುಡಿದವಳು. ಹತ್ತಿ ಎಲೆಯಿಂದ ಡಿಎನ್‌ಎ ತೆಗೆಯುವುದು ಸುಲಭದ ಕೆಲಸವಲ್ಲ. ಬಲಿತ ಎಲೆ ಅರೆದರೆ ಅದರ ಒಗರು, ಅಂಟು ಎಲ್ಲ ಸೇರಿ ದ್ರಾವಣ ಚಹಾದಂತೆ ಕಂದಾಗುತ್ತದೆ. ಮುಂದೆ ಪಿಸಿಆರ್, ಅಂದರೆ ಬೇಕಾದ ತುಣುಕನ್ನು ಪ್ರತಿ ಮಾಡಿ ಹೆಚ್ಚಿಸುವ ಕ್ರಿಯೆ, ನಡೆಯುವುದೇ ಇಲ್ಲ. ಅದಕ್ಕೇ ತುದಿಯ ಎಳೆ ಎಲೆ ಚಿವುಟಿ, ದ್ರವ ಸಾರಜನಕದಲ್ಲಿ ಹಿಟ್ಟಾಗಿ ಅರೆಯುತ್ತೇವೆ. ಆಮೇಲೆ ಹುಡುಕುವುದು ಹೆಚ್ಚಾಗಿ, ಹೊರಗಿನ ಜೀನಿಗೆ ಚಾಲನೆ ಕೊಡಲು ಅದರ ಜೊತೆ ಸೇರಿಸುವ 35ಎಸ್ ಪ್ರಮೋಟರ್ ಎಂಬ ತುಣುಕನ್ನು. ಹೂಕೋಸಿನ ವೈರಸ್ಸಿನಿಂದ ಬಂದ ಈ ತುಣುಕು ಹತ್ತಿಯಲ್ಲಿ ಸಹಜವಾಗಿ ಇರುವಂಥದ್ದಲ್ಲ. ಪಿಸಿಆರ್ ಅದನ್ನು ಸುತ್ತು ಸುತ್ತಿಗೆ ಎರಡರಷ್ಟು ಮಾಡುತ್ತ ಹೋಗುತ್ತದೆ. ಜೆಲ್‌ನ ಮೇಲೆ ನೇರಳಾತೀತ ಬೆಳಕಿನಲ್ಲಿ ಸಣ್ಣ ಗೆರೆ ಹೊಳೆದರೆ ಜೀನು ಉಂಟು ಎಂದರ್ಥ.

ಎಷ್ಟು ಉಂಟು ಎಂಬುದಕ್ಕೆ ರಿಯಲ್‌ಟೈಮ್ ಪಿಸಿಆರ್ ಬೇಕು. ಹೊರಗಿಂದ ಬಂದ ಜೀನಿನ ಪ್ರತಿಗಳನ್ನು ಬೆಳೆಯ ಸ್ವಂತ ಜೀನಿನ ಪ್ರತಿಗಳೊಂದಿಗೆ ಹೋಲಿಸಿ ಶೇಕಡಾ ತೆಗೆಯುತ್ತಾರೆ. ಯುರೋಪಿನಲ್ಲಿ ಶೇ. 0.9 ಮೀರಿದರೆ ಲೇಬಲ್ ಹಚ್ಚಬೇಕೆಂಬ ನಿಯಮ ನಿಂತಿರುವುದು ಈ ಲೆಕ್ಕದ ಮೇಲೆಯೇ.

ಇದೆಲ್ಲ ಲ್ಯಾಬಿನ ಮಾತಾಯಿತು. ಹೊಲಕ್ಕೆ ಒದಗಿದ್ದು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯವರೂ ರೂಪಿಸಿದ ಪಟ್ಟಿ ಪರೀಕ್ಷೆ. ಎಲೆಚೂರು ನುರಿದು ಪಟ್ಟಿ ಅದ್ದಿದರೆ ಕೆಲವೇ ನಿಮಿಷ: ಒಂದು ಗೆರೆ ಮೂಡಿದರೆ ಬಿಟಿ ಇಲ್ಲ, ಎರಡು ಮೂಡಿದರೆ ಉಂಟು. ಇದು ಹುಡುಕುವುದು ಡಿಎನ್‌ಎಯನ್ನಲ್ಲ, ಜೀನು ಮಾಡಿಸುವ ಪ್ರೋಟೀನನ್ನು. ರೈತನಿಗೆ ನಿಜವಾಗಿ ಉಪಕಾರವಾದದ್ದು ಇದರಿಂದ ಎಂದೇ ನನ್ನ ನಂಬಿಕೆ.

ಈಗ ಕಳೆನಾಶಕ ತಾಳುವ, ಒಪ್ಪಿಗೆಯಿಲ್ಲದ ಹತ್ತಿ ಕದ್ದುಮುಚ್ಚಿ ಹಬ್ಬಿದೆ. ಅದರಲ್ಲೂ ಬಿಟಿ ಇರುವುದರಿಂದ ಹಳೆಯ ಪಟ್ಟಿಯಲ್ಲಿ ಎರಡೇ ಗೆರೆ ಮೂಡುತ್ತವೆ, ಕೊಂಡವನಿಗೆ ಏನೂ ಗೊತ್ತಾಗುವುದಿಲ್ಲ. ಕಳೆನಾಶಕ ತಾಳಿಸುವ ಜೀನಿನ ಪ್ರೋಟೀನು ಹಿಡಿಯುವ ಪಟ್ಟಿಗಳೂ ಇವೆ. ಅವು ಬಿತ್ತನೆಗೆ ಮುಂಚೆಯೇ ರೈತ ಸಂಪರ್ಕ ಕೇಂದ್ರಗಳಲ್ಲಿ ಸಿಗುವಂತಾಗಬೇಕು.