ಹಿತ್ತಲ ಹೂವು, ಅಜ್ಜನ ಪಾದ

ನಿಮ್ಮ ಹಿತ್ತಲಲ್ಲಿಯೋ ನೆರೆಮನೆಯ ಬೇಲಿಯಲ್ಲಿಯೋ ಕಾಶಿ ಕಣಗಿಲೆಯ ಗಿಡ ಇದ್ದೇ ಇರಬೇಕು. ನಿತ್ಯಪುಷ್ಪವೆಂದೂ ಅದಕ್ಕೆ ಹೆಸರು. ಮಡಗಾಸ್ಕರ್ ದ್ವೀಪದಿಂದ ಬಂದ ಈ ಗಿಡಕ್ಕೆ ಆರೈಕೆಯೂ ಬೇಡ, ಕಾವಲೂ ಬೇಡ. ದನ ಸಹ ಬಾಯಿ ಹಾಕದು. ಇದರ ಎಲೆಯಿಂದ ತೆಗೆದ ಔಷಧವೊಂದು ಅಸಂಖ್ಯ ಮಕ್ಕಳ ಪ್ರಾಣ ಉಳಿಸಿದೆ. ಕೆಲವು ಮನೆತನಗಳವರ ಕೈಕಾಲುಗಳ ಬಲವನ್ನು ಕಸಿದುಕೊಂಡದ್ದೂ ಅದೇ ಔಷಧ.

ಈ ಕಥೆ ಆರಂಭವಾಗುವುದು 1886ರಲ್ಲಿ. ಆ ವರ್ಷ ಪ್ಯಾರಿಸಿನಲ್ಲಿ ಷಾರ್ಕೋ ಮತ್ತು ಮಾರಿ ಎಂಬ ವೈದ್ಯರು, ಇಂಗ್ಲೆಂಡಿನಲ್ಲಿ ಟೂತ್ ಎಂಬ ವೈದ್ಯರು, ಬೇರೆ ಬೇರೆಯಾಗಿಯೇ ಒಂದು ನರರೋಗವನ್ನು ವರ್ಣಿಸಿದರು. ಮೂವರ ಹೆಸರೂ ರೋಗಕ್ಕೆ ಅಂಟಿಕೊಂಡಿತು. (ಟೂತ್ ಎಂದೊಡನೆ ಹಲ್ಲನ್ನು ಮುಟ್ಟಿ ನೋಡಿಕೊಳ್ಳಬೇಡಿ, ಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ.) ಈ ರೋಗದಲ್ಲಿ ಅಂಗಾಲಿನ ಕಮಾನು ಎತ್ತರವಾಗುತ್ತದೆ, ಕಾಲ್ಬೆರಳು ಮುದುಡುತ್ತದೆ, ಮೊಣಕಾಲಿನ ಕೆಳಗೆ ಮಾಂಸ ಸವೆದು ಕಾಲು ಕಡ್ಡಿಯಾಗುತ್ತದೆ. ನಡೆಯುವಾಗ ಪಾದ ಜೋತುಬಿದ್ದು ಎಡವುತ್ತದೆ. ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗಳಿಗೆ ಹೀಗೆ ಇಳಿದುಬರುತ್ತದೆ. ಪ್ರಾಣಕ್ಕೆ ಸಾಮಾನ್ಯವಾಗಿ ಕುತ್ತಿಲ್ಲದ್ದರಿಂದ, "ನಮ್ಮ ವಂಶದ ಕಾಲೇ ಹೀಗೆ" ಎಂದು ಜನ ಸುಮ್ಮನಾಗುತ್ತಾರೆ.

ಈಗ ಹೂವಿನ ಕಡೆಗೆ ಬರೋಣ. ಜಮೈಕಾದಲ್ಲಿ ಇದರ ಕಷಾಯವನ್ನು ಸಕ್ಕರೆ ರೋಗಕ್ಕೆ ಕುಡಿಯುತ್ತಿದ್ದರು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಅಲ್ಲಿಂದ ಬಂದ ಎಲೆಗಳ ರಸವನ್ನು ಇಲಿಗಳ ಮೇಲೆ ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ಇಳಿದದ್ದು ಬಿಳಿಯ ರಕ್ತಕಣಗಳ ಸಂಖ್ಯೆ! ಬಿಳಿಯ ಕಣಗಳು ಹದ್ದುಮೀರಿ ಬೆಳೆಯುವ ರೋಗವೇ ರಕ್ತದ ಕ್ಯಾನ್ಸರ್ ಅಲ್ಲವೇ? ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1958ರಲ್ಲಿ ಎಲೆಯಿಂದ ವಿನ್‌ಬ್ಲಾಸ್ಟೀನನ್ನು ಬೇರ್ಪಡಿಸಿದರು. ಅದೇ ಗಿಡದ ಇನ್ನೊಂದು ಸಾರವಾದ ವಿನ್‌ಕ್ರಿಸ್ಟೀನ್‌ಗೆ 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. (ಹಾಗೆಂದು ಹಿತ್ತಲ ಎಲೆಯನ್ನು ಕುದಿಸಿ ಕುಡಿಯಬೇಡಿ, ಅದು ವಿಷ.)

ವಿನ್‌ಕ್ರಿಸ್ಟೀನ್ ಮಾಡುವುದಿಷ್ಟೆ. ಜೀವಕಣ ಇಬ್ಭಾಗವಾಗಲು ಸೂಕ್ಷ್ಮ ನಳಿಕೆಗಳನ್ನು ಹೂಡಿಕೊಳ್ಳುತ್ತದೆ. ಔಷಧ ಅವನ್ನು ಕಟ್ಟಲು ಬಿಡುವುದಿಲ್ಲ. ಆದರೆ ಬೆನ್ನಿನಿಂದ ಹೆಬ್ಬೆರಳಿನವರೆಗೆ ಹೋಗುವ ನರದೊಳಗೂ ಅಂತಹುದೇ ನಳಿಕೆಗಳಿವೆ. ನರಕ್ಕೆ ಬೇಕಾದ ಸಾಮಗ್ರಿಯೆಲ್ಲ ಅವುಗಳ ಮೇಲೆಯೇ ಸಾಗಬೇಕು. ಆದಕಾರಣ ಈ ಔಷಧ ಪಡೆದ ಹಲವರಿಗೆ ಕೈಕಾಲು ಜುಮುಗುಟ್ಟುವುದುಂಟು. ನರ ಮೊದಲೇ ಬಡವಾಗಿದ್ದವರಿಗೆ ಒಂದೆರಡು ಚುಚ್ಚುಮದ್ದಿನಲ್ಲಿಯೇ ಕಾಲು ಸೋತು, ಕೈ ಬಲಗುಂದಿ, ನಡೆಯಲಾರದ ಸ್ಥಿತಿ ಬಂದದ್ದುಂಟು.

ರೋಗದ ಅತಿ ಸಾಮಾನ್ಯ ಬಗೆಗೆ ಕಾರಣ ಸಿಕ್ಕಿದ್ದು 1991ರಲ್ಲಿ: ಹದಿನೇಳನೆಯ ವರ್ಣತಂತುವಿನ ಒಂದು ತುಣುಕು ಇಮ್ಮಡಿಯಾಗಿರುತ್ತದೆ. ವಿನ್‌ಕ್ರಿಸ್ಟೀನ್‌ನಿಂದ ಹೆಚ್ಚಿನ ಆಪತ್ತು ಈ ಬಗೆಯವರಿಗೇ. ತಮಗೆ ಈ ರೋಗವಿದೆಯೆಂದು ಕೆಲವರಿಗೆ ತಿಳಿದುಬಂದದ್ದೇ ಔಷಧ ಕೊಟ್ಟು ಕಾಲು ಬಿದ್ದುಹೋದ ಮೇಲೆ!

ವಿಷಾದದ ಸಂಗತಿ ಇದು. ಅಜ್ಜನ ಕಮಾನು ಪಾದ ಮನೆಯವರಿಗೆಲ್ಲ ಗೊತ್ತು, ವೈದ್ಯರಿಗೆ ಗೊತ್ತಿಲ್ಲ. ಮಗು ರಕ್ತದ ಕ್ಯಾನ್ಸರಿಗೆ ಮಲಗಿರುವಾಗ ಪಾದದ ಮಾತೇಕೆಂದು ಯಾರೂ ಎತ್ತುವುದಿಲ್ಲ. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವ ಮನೆಗಳೂ ಇವೆ. ಮೊದಲೇ ತಿಳಿದರೆ ವೈದ್ಯರು ನರಗಳ ಪರೀಕ್ಷೆ ಮಾಡಿಸಬಹುದು, ಬೇರೆ ಔಷಧವನ್ನು ಆಲೋಚಿಸಬಹುದು. ಹೆದರಿ ಚಿಕಿತ್ಸೆಯನ್ನೇ ಬಿಡಿಸಿಕೊಂಡು ಬರುವುದಂತೂ ಸಲ್ಲದು, ಕ್ಯಾನ್ಸರ್ ಕಾಯುವುದಿಲ್ಲ. ಮೊದಲ ಚುಚ್ಚುಮದ್ದಿಗೆ ಮುಂಚೆ, ಮನೆಯಲ್ಲಿ ಯಾರ್ಯಾರ ಪಾದ ಹೇಗಿತ್ತು, ಯಾರು ಪದೇ ಪದೇ ಎಡವುತ್ತಿದ್ದರು ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.