ಪದ ಪರಿಚಯ: ಹರಾಜು

ಅರಬ್ಬಿಯ ‘ಹರಾಜ್’ ಪಾರಸಿ, ಉರ್ದುಗಳನ್ನು ಹಾದು ಕನ್ನಡಕ್ಕೆ ಬಂದು ಉಕಾರಾಂತವಾಗಿ ‘ಹರಾಜು’ ಆಯಿತು. ಬಹಿರಂಗವಾಗಿ ಬೆಲೆ ಕೂಗಿಸಿ, ಹೆಚ್ಚು ಕೂಗಿದವರಿಗೆ ಮಾರುವುದು ಇದರ ಅರ್ಥ. ಉತ್ತರ ಕರ್ನಾಟಕದ ‘ಲಿಲಾವು’ ಪೋರ್ಚುಗೀಸ್ ಮೂಲದ್ದು.

ಅಡಿಕೆ, ತಂಬಾಕು, ಐಪಿಎಲ್ ಆಟಗಾರರಿಗೆಲ್ಲ ಸಲೀಸಾಗಿ ಒಗ್ಗುವ ಈ ಪದ ಮನೆಯ ಜತೆ ಸೇರಿದರೆ ಮಾತ್ರ ಅಳುಕು ಹುಟ್ಟಿಸುತ್ತದೆ. ‘ಮಾನ ಹರಾಜಾಯಿತು’ ಎಂಬ ನುಡಿಗಟ್ಟಿನಲ್ಲಿರುವುದೂ ಅದೇ ಅಳುಕು.

ಈಗ ಇದೇ ಪದ ಹೂಡಿಕೆದಾರರ ಕಿವಿ ನೆಟ್ಟಗಾಗಿಸುತ್ತದೆ. 2002ರ ಸರ್ಫೇಸಿ ಕಾಯ್ದೆಯಡಿ, ಸಾಲಗಾರ 60 ದಿನಗಳ ನೋಟಿಸಿಗೂ ಬಾಕಿ ಕಟ್ಟದಿದ್ದರೆ ಬ್ಯಾಂಕು ಅಡವಿಟ್ಟ ಮನೆಯನ್ನು ವಶಕ್ಕೆ ಪಡೆದು ಇ-ಹರಾಜಿಗೆ ಇಡಬಹುದು. ಗೆದ್ದವರು ಮೊದಲೇ ಕಟ್ಟಿದ ಠೇವಣಿಯೂ ಸೇರಿ ಕೂಗಿದ ಬೆಲೆಯ ಶೇ 25ರಷ್ಟನ್ನು ಅಂದೇ ಅಥವಾ ಮರು ಕೆಲಸದ ದಿನ ಕಟ್ಟಬೇಕು. ಉಳಿದದ್ದನ್ನು ಮಾರಾಟ ಖಾಯಂ ಆದ 15 ದಿನಗಳೊಳಗೆ ಕಟ್ಟುವುದು ಸಾಮಾನ್ಯ ನಿಯಮ.

ಜಾಹೀರಾತಿನ ‘ಎಲ್ಲಿದೆಯೋ ಅಲ್ಲೇ, ಹೇಗಿದೆಯೋ ಹಾಗೆ’ ಎಂಬ ಸಾಲನ್ನು ಗಮನವಿಟ್ಟು ಓದಬೇಕು. ಬಾಕಿ ಕಂದಾಯ, ಕರೆಂಟು ಬಿಲ್ಲು ಕೊಂಡವರ ತಲೆಗೇ ಬರಬಹುದು. ‘ಸಾಂಕೇತಿಕ ಸ್ವಾಧೀನ’ ಎಂದಿದ್ದರೆ ಮನೆಯೊಳಗೆ ಇನ್ನೂ ಯಾರೋ ವಾಸವಿದ್ದಾರೆಂದೇ ಲೆಕ್ಕ ಹಾಕಿಕೊಂಡು ಬೆಲೆ ಕೂಗುವುದು ಜಾಣತನ.